ಕಪ್ಪು ಕಲ್ಲಿನ ಕೆಂಪು ಗೀರು

ಬಳ್ಳಾರಿ ಜಿಲ್ಲೆಯ ಸಂಡೂರು ಗುಡ್ಡಗಳ ಕಬ್ಬಿಣದ ಅದಿರಿನ ಗಟ್ಟಿ ತುಣುಕು ಎಷ್ಟೋ ಸಲ ಕೆಂಪಗಿರುವುದೇ ಇಲ್ಲ. ಕಪ್ಪು ಮೈ, ಉಕ್ಕಿನ ಹೊಳಪು, ಅಂಗೈಗೆ ಭಾರ. ಅದನ್ನು ನೆಲದ ಟೈಲ್ಸ್‌ನ ಹಿಂಬದಿಗೆ, ನುಣುಪಿಲ್ಲದ ಕಡೆಗೆ ಒತ್ತಿ ಉಜ್ಜಿ ನೋಡಿ. ಕೆಮ್ಮಣ್ಣಿನ ಬಣ್ಣದ ಗೀರು ಮೂಡುತ್ತದೆ. ರಂಗೋಲಿಯ ಅಂಚಿಗೆ ಬಳಿಯುವ ಕೆಮ್ಮಣ್ಣಿನ ಕೆಂಪಿಗೂ ಕಾರಣ ಇದೇ ಹೆಮಟೈಟ್. ಗ್ರೀಕರು ರಕ್ತದ ಹೆಸರನ್ನು ಇದಕ್ಕೆ ಇಟ್ಟದ್ದು ಸುಮ್ಮನಲ್ಲ.

ಬಣ್ಣ, ಹೊಳಪು, ಗಡಸುತನ ನೋಡಿಯೇ ಖನಿಜಗಳನ್ನು ಬಹುಕಾಲ ವಿಂಗಡಿಸುತ್ತಿದ್ದರು. 1546ರಲ್ಲಿ ಜರ್ಮನಿಯ ಅಗ್ರಿಕೋಲಾ, 1774ರಲ್ಲಿ ಅದೇ ನಾಡಿನ ವರ್ನರ್ ಹಿಡಿದದ್ದು ಇದೇ ದಾರಿ. ಗುಡ್ಡದ ಮೇಲೆ ನಿಂತವನಿಗೆ ಇಂದಿಗೂ ಮೊದಲು ಒದಗುವುದು ಈ ಲಕ್ಷಣಗಳೇ. ಅವನ್ನು ಹಗುರವಾಗಿ ಕಾಣಬಾರದು.

ಆದರೆ ಹೊರರೂಪ ಮೋಸ ಮಾಡುತ್ತದೆ. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1758ರಲ್ಲಿ ರಾಸಾಯನಿಕ ಗುಣವನ್ನು ಮುಂದಿಟ್ಟ. ನಿಜವಾದ ತಿರುವು ಕೊಟ್ಟವನು ಅದೇ ದೇಶದ ಬೆರ್ಜೀಲಿಯಸ್. ಖನಿಜದಲ್ಲಿರುವ ಲೋಹಕ್ಕಿಂತ, ಆ ಲೋಹ ಯಾವುದರ ಜೊತೆ ಕೂಡಿದೆ ಎಂಬುದೇ ಮುಖ್ಯ ಎಂದು ಅವನು ಕಂಡುಕೊಂಡ. ಕಬ್ಬಿಣ ಆಮ್ಲಜನಕದೊಡನೆ ಸೇರಿದರೆ ಹೆಮಟೈಟ್, ಗಂಧಕದೊಡನೆ ಸೇರಿದರೆ ಪೈರೈಟ್. ಎರಡರಲ್ಲೂ ಕಬ್ಬಿಣವಿದ್ದರೂ ಗುಣದಲ್ಲಿ ಪೈರೈಟ್ ಹೋಲುವುದು ಸೀಸ, ಸತುಗಳ ಗಂಧಕ ಸಂಯುಕ್ತಗಳನ್ನು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಲೋಹ ಬರೀ ಹೆಸರು, ಅದರ ಜೊತೆ ಕೂಡುವ ಋಣ ಅಯಾನು, ಅಂದರೆ ಋಣ ವಿದ್ಯುದಂಶ ಹೊತ್ತ ಆಮ್ಲಜನಕ, ಗಂಧಕದಂಥ ಕಣ, ಅಡ್ಡಹೆಸರು. ಮನೆತನ ತಿಳಿಯುವುದು ಅಡ್ಡಹೆಸರಿನಿಂದ. ಅಮೆರಿಕದ ಡಾನಾ 1837ರ ತನ್ನ ಗ್ರಂಥದಲ್ಲಿ ಖನಿಜಗಳಿಗೆ ಸಸ್ಯಗಳಿಗಿಟ್ಟಂತೆ ಲ್ಯಾಟಿನ್ ಜೋಡಿಹೆಸರು ಕೊಟ್ಟಿದ್ದ. 1854ರ ನಾಲ್ಕನೇ ಆವೃತ್ತಿಯ ಹೊತ್ತಿಗೆ ಅದನ್ನು ಬಿಟ್ಟು ರಾಸಾಯನಿಕ ವಿಂಗಡಣೆಗೆ ಬಂದ. ತಾನು ಕಟ್ಟಿದ್ದನ್ನು ತಾನೇ ಕೆಡವಿದ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಪೈರೈಟ್ ಮತ್ತು ಮಾರ್ಕಸೈಟ್‌ಗಳಲ್ಲಿ ಕಬ್ಬಿಣ, ಗಂಧಕದ ಪ್ರಮಾಣ ಒಂದೇ, ಹರಳಿನ ಆಕಾರ ಬೇರೆ. ಒಳಗಿನ ಜೋಡಣೆಯೇ ಹರಳಿನ ಆಕಾರವನ್ನು ನಿರ್ಧರಿಸುತ್ತದೆ ಎಂದು ಫ್ರಾನ್ಸಿನ ಅಯುಯಿ 1784ರಲ್ಲೇ ತರ್ಕಿಸಿದ್ದ. ನೋಡುವ ಸಾಧನ ಇರಲಿಲ್ಲ. ರಾಬರ್ಟ್ ಬ್ರೂಸ್ ಫೂಟ್ ಬರೆದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ವರದಿ ಪ್ರಕಟವಾದ 1895ರಲ್ಲೇ ಎಕ್ಸ್‌-ರೇ ಪತ್ತೆಯಾಯಿತು. 1912ರಲ್ಲಿ ಜರ್ಮನಿಯ ಲಾವೆಯ ಸಲಹೆಯಂತೆ ಅದನ್ನು ಹರಳಿನ ಮೂಲಕ ಹಾಯಿಸಿ ನೋಡಿದರು. ಮರುವರ್ಷ ಬ್ರ್ಯಾಗ್ ತಂದೆ ಮಗ ಪರಮಾಣುಗಳ ಜಾಗವನ್ನೇ ಗುರುತಿಸತೊಡಗಿದರು. ರಾಸಾಯನಿಕ ಗುಣ, ಹರಳಿನ ರಚನೆ ಎರಡನ್ನೂ ಹೆಣೆದ, ಜರ್ಮನಿಯ ಖನಿಜತಜ್ಞ ಸ್ಟ್ರುಂಜ್‌ನ ಕೋಷ್ಟಕ 1941ರಲ್ಲಿ ಬಂತು. ಪರಿಷ್ಕಾರಗೊಳ್ಳುತ್ತ ಅದು ಇಂದಿಗೂ ಬಳಕೆಯಲ್ಲಿದೆ.

ಆ ಕೋಷ್ಟಕದ ಮೊದಲ ವರ್ಗ ಶುದ್ಧ ಧಾತುಗಳದ್ದು. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನ ಅಲ್ಲಿ ಕೂರುತ್ತದೆ, ಅದಕ್ಕೆ ಅಡ್ಡಹೆಸರೇ ಇಲ್ಲ. ಸಂಡೂರಿನ ಹೆಮಟೈಟ್ ಆಕ್ಸೈಡ್‌ಗಳ, ಅಂದರೆ ಆಮ್ಲಜನಕ ಕೂಡಿದ ಖನಿಜಗಳ ಸಾಲಿನಲ್ಲಿ, ಕುರಂದ (ಕೊರಂಡಮ್) ಎಂಬ ಬಲು ಗಡಸು ಖನಿಜದ ಪಕ್ಕದಲ್ಲಿದೆ. ಎರಡರಲ್ಲೂ ಆಮ್ಲಜನಕದ ಒಂದೇ ಚೌಕಟ್ಟು. ಒಂದರಲ್ಲಿ ಕಬ್ಬಿಣ ಕೂತ ಜಾಗದಲ್ಲಿ ಇನ್ನೊಂದರಲ್ಲಿ ಅಲ್ಯೂಮಿನಿಯಂ. ಆ ಕುರಂದಕ್ಕೆ ಚೂರು ಕ್ರೋಮಿಯಂ ಬೆರೆತರೆ ಅದೇ ಮಾಣಿಕ್ಯ.