ಬಿರುಕು ನೆಟ್ಟಗೆ ಹೋಗುವುದಿಲ್ಲ

ಅರಬೈಲ್ ಘಟ್ಟದಲ್ಲಿ ಲಾರಿಯ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗ್, ಕಟ್ಟಾದರೆ ಎಲ್ಲರೂ ಬೈಯುವುದು ಕೊನೆಯ ಗುಂಡಿಯನ್ನು. ತುಂಡಾದ ಬ್ಲೇಡನ್ನು ತಿರುಗಿಸಿ ನೋಡಿ. ಒಡೆದ ಮುಖದ ಒಂದು ಭಾಗ ಒರಟು, ಅದು ಆ ಗುಂಡಿಯ ಕೆಲಸ. ಇನ್ನೊಂದು ಭಾಗ ನುಣುಪು. ಅದರ ಮೇಲೆ ಎಷ್ಟೋ ಸಲ, ಕಾರವಾರದ ದಂಡೆಯಲ್ಲಿ ಇಳಿತದ ನೀರು ಬಿಟ್ಟುಹೋಗುವಂಥ ಗೆರೆಗಳು ಇರುತ್ತವೆ. ಬಿರುಕು ಅಲ್ಲಿ ಯಾವಾಗಿನಿಂದಲೋ ಬೆಳೆಯುತ್ತಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ವೋಲರ್ ರೈಲಿನ ಚಕ್ರದ ಅಚ್ಚುಗಳನ್ನು ಮತ್ತೆ ಮತ್ತೆ ಭಾರ ಹಾಕಿ ದಣಿಸಿ ನೋಡಿದರು, 1921ರಲ್ಲಿ ಗ್ರಿಫಿತ್ ಗಾಜಿನ ಬಿರುಕಿಗೆ ಲೆಕ್ಕ ಕೊಟ್ಟರು, 1957ರಲ್ಲಿ ಇರ್ವಿನ್ ಬಿರುಕಿನ ತುದಿಯ ಬಿಗುವನ್ನು ಒಂದೇ ಸಂಖ್ಯೆಗೆ ಇಳಿಸಿದರು. ಆ ಸಂಖ್ಯೆಯಿಂದ ಬಿರುಕಿನ ವೇಗ ಹೇಳಬಹುದು ಅಂದವರು ಪಾಲ್ ಪ್ಯಾರಿಸ್. ದೊಡ್ಡ ಪತ್ರಿಕೆಗಳು ಒಪ್ಪದೆ, 1961ರಲ್ಲಿ ಅದು ಒಂದು ವಿಶ್ವವಿದ್ಯಾಲಯದ ಸಣ್ಣ ಪತ್ರಿಕೆಯಲ್ಲಿ ಬಂತು. ಈಗ ಅದೇ ಪಠ್ಯಪುಸ್ತಕದ ಸೂತ್ರ.

ತೊಡಕು ಶುರುವಾಗುವುದು ಇಲ್ಲಿಂದ. ಬಿರುಕು ಲೋಹದ ಕಣದಿಂದ ಕಣಕ್ಕೆ ಹೋಗುವಾಗ ಅಂಕುಡೊಂಕಾಗುತ್ತದೆ. ಎಳೆತದ ಜೊತೆ ತಿರುಚೂ ಸೇರಿದರೆ ದಾರಿಯೇ ಬದಲಾಗುತ್ತದೆ. ದೋಣಿಯ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಬಿರುಕು ಓರೆಯಾಗಿ ಸುತ್ತಿಕೊಳ್ಳುವುದು ಇದಕ್ಕೇ. ಎಲ್ಲಿ ಎಳೆತ ಅತಿ ಹೆಚ್ಚೋ ಬಿರುಕು ಅತ್ತ ತಿರುಗುತ್ತದೆ ಅಂತ ಎರ್ಡೋಗಾನ್ ಮತ್ತು ಸಿಹ್ 1963ರಲ್ಲೇ ತೋರಿಸಿದ್ದರು.

ತಿರುಗಿದ ಬಿರುಕಿಗೆ ಬಲ ಸಿಗುವುದು ಕಡಿಮೆ. 1980ರಲ್ಲಿ ಕಾಟರೆಲ್ ಮತ್ತು ರೈಸ್ ಕೊಟ್ಟ ಲೆಕ್ಕ ಹಿಡಿದರೆ, ತುದಿ 45 ಡಿಗ್ರಿ ವಾಲಿದಾಗ ಬಾಯಿ ತೆರೆಸುವ ಬಲ ಸುಮಾರು 79 ಶೇಕಡಕ್ಕೆ ಇಳಿಯುತ್ತದೆ. ಪ್ಯಾರಿಸ್ ಸೂತ್ರದಲ್ಲಿ ವೇಗ ಆ ಬಲದ ಒಂದು ಘಾತದಂತೆ ಏರಿಳಿಯುತ್ತದೆ. ಘಾತ 3 ಅಂದುಕೊಳ್ಳಿ, ವೇಗ ಹೆಚ್ಚುಕಡಿಮೆ ಅರ್ಧ. ಆದರೆ ಜಾರಿಸುವ ಬಲವೂ ಹೊಸದಾಗಿ ಹುಟ್ಟುತ್ತದೆ. ಅದನ್ನು ಸೇರಿಸಿಕೊಂಡರೆ ಬಿರುಕು ನಿಧಾನವಾಗುವ ಲಾಭ ಅಷ್ಟಿಲ್ಲ. 1983ರಲ್ಲಿ ಸುರೇಶ್ ಅಂಕುಡೊಂಕು ದಾರಿಗೆ ಒಂದು ಮಾದರಿ ಕಟ್ಟಿದರು. ಇನ್ನೊಂದೂ ಲೆಕ್ಕಕ್ಕೆ ಬಂತು: ಎರಡು ಮುಖಗಳು ಸ್ವಲ್ಪ ಜಾರಿ, ಹಲ್ಲಿಗೆ ಹಲ್ಲು ಕೂರದೆ ಒಂದನ್ನೊಂದು ತಡೆಯುತ್ತವೆ. ಭಾರ ಪೂರ್ತಿ ಇಳಿಯುವ ಮೊದಲೇ ಬಿರುಕಿನ ಬಾಯಿ ಮುಚ್ಚುತ್ತದೆ ಅಂತ ಎಲ್ಬರ್ 1970ರ ಹೊತ್ತಿಗೆ ಹೇಳಿದ್ದಕ್ಕೆ ಇದು ಕೂಡಿಕೊಂಡಿತು.

ಆಮೇಲೆ ಕಂಪ್ಯೂಟರ್ ಬಂತು. 1999ರಿಂದೀಚೆಗಿನ ವಿಧಾನಗಳಲ್ಲಿ ವಸ್ತುವನ್ನು ತುಂಡುತುಂಡಾಗಿ ಹಂಚುವ ಲೆಕ್ಕದ ಜಾಲರಿಯನ್ನು ಮತ್ತೆ ಹೆಣೆಯುವ ಗೋಜಿಲ್ಲದೆ ಬಿರುಕು ಬೇಕಾದಲ್ಲಿ ತಿರುಗುತ್ತದೆ. ಚಿತ್ರಗಳು ಚಂದ ಬರುತ್ತವೆ. ಆದರೆ ಆ ಬಿರುಕಿನ ವೇಗ ಎಲ್ಲಿಂದ ಬಂತು? ಸಾಮಾನ್ಯವಾಗಿ ನೇರ ಬಿರುಕಿನ ಪರೀಕ್ಷೆಯಿಂದ. ಬಿರುಕಿನ ವೇಗ ಅಳೆಯುವ ಎಎಸ್‌ಟಿಎಂ ಇ647 ಎಂಬ ಮಾನದಂಡದಲ್ಲಿ ಬಿರುಕು 20 ಡಿಗ್ರಿಗಿಂತ ಜಾಸ್ತಿ ವಾಲಿ ಹಾಗೇ ಮುಂದುವರಿದರೆ ಆ ಅಳತೆ ಊರ್ಜಿತವಲ್ಲ. ಮಾನದಂಡಕ್ಕೆ ಅದರದ್ದೇ ಕಾರಣ ಇದೆ, ಸೂತ್ರವೇ ನೇರ ಬಿರುಕಿನದ್ದು. ಆದರೂ ಸೊಟ್ಟಗೆ ಹೋದದ್ದನ್ನು ಬದಿಗಿಟ್ಟು, ಉಳಿದದ್ದರಿಂದ ಸೊಟ್ಟ ಬಿರುಕಿನ ಆಯಸ್ಸು ಹೇಳುವುದು ವಿಚಿತ್ರ, ಅಲ್ವಾ?

ಇನ್ನೂ ಒಂದು ಗಂಟಿದೆ. ನಿಧಾನವಾಗಲು ತಿರುವು ಕಾರಣವೋ, ಬಾಯಿ ಮುಚ್ಚಿದ್ದು ಕಾರಣವೋ ಅನ್ನುವುದನ್ನು ಬರೀ ವೇಗದ ಗೆರೆ ನೋಡಿ ಬಿಡಿಸಲಾಗದು. ಎರಡನ್ನೂ ಪೂರ್ತಿ ಹಿಡಿದರೆ ಒಂದೇ ಲಾಭ ಎರಡು ಸಲ ಎಣಿಸಿದಂತೆ. ಮುಖಗಳು ಒಂದನ್ನೊಂದು ಜೋರಾಗಿ ಒತ್ತಿದರೆ ಆ ಹಲ್ಲುಗಳು ಚಪ್ಪಟೆಯಾಗಿ ಲಾಭವೇ ಹೋಗಬಹುದು. ಪರೀಕ್ಷೆಯ ಯಂತ್ರ ಸಾಮಾನ್ಯವಾಗಿ ಒಂದೇ ಲಯದಲ್ಲಿ ಎಳೆದು ಬಿಡುತ್ತದೆ. ಅರಬೈಲಿನ ಗುಂಡಿಗಳಿಗೆ ಅಂಥ ಲಯವಿಲ್ಲ.