ಗಾಲಿ ಉರುಳಿದಷ್ಟೇ ಸಂಬಳ: ಸಣ್ಣ ವಿಮಾನದ ಪೈಲಟ್‌ಗಳ ಲೆಕ್ಕ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಸಣ್ಣ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಪೈಲಟ್‌ನ ಗಂಟೆ ಲೆಕ್ಕಕ್ಕೆ ಸೇರುವುದೂ ಹೆಚ್ಚುಕಡಿಮೆ ಆ ಒಂದು ಗಂಟೆಯೇ. ಹೊರಡುವ ಮುಂಚಿನ ಕೆಲಸ, ಇಳಿದ ಮೇಲಿನ ಕೆಲಸ, ನಡುವೆ ಕಾಯುವ ಹೊತ್ತು ಯಾವುದೂ ಅದರಲ್ಲಿ ಇಲ್ಲ. ಪ್ರಾದೇಶಿಕ ವಿಮಾನ ಹಾರಿಸುವವರ ಸಂಬಳದ ತಕರಾರು ಬಹುಪಾಲು ಹುಟ್ಟುವುದು ಇಲ್ಲೇ. ನಾನು ಇದೇ ಕೆಲಸದಲ್ಲಿರುವ ಕ್ಯಾಪ್ಟನ್. ಸಾಂಬ್ರಾದಲ್ಲಿ ಈಗ ಪೈಲಟ್ ತರಬೇತಿಯೂ ನಡೆಯುತ್ತದೆ. ಕಲಿಯುವ ಹುಡುಗ ಹುಡುಗಿಯರು, ಅವರ ತಂದೆ ತಾಯಿ ಸಂಬಳದ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗೆ ಬಿಡಿಸಿ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡಲು ವಿಮಾನದ ಗಾಲಿ ಉರುಳಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಅದು ತನ್ನ ಜಾಗಕ್ಕೆ ಬಂದು ನಿಲ್ಲುವ ತನಕದ ಹೊತ್ತಿಗೆ ಬ್ಲಾಕ್ ಅವರ್ ಎನ್ನುತ್ತಾರೆ. ನಮ್ಮ ದೇಶದ ಬಹಳಷ್ಟು ಕಂಪನಿಗಳಲ್ಲಿ ತಿಂಗಳಿಗೆ ಇಷ್ಟು ಗಂಟೆಯ ಹಣ ಖಾತ್ರಿ ಎಂದು ಮಾತಾಗಿರುತ್ತದೆ. ನೀವು ಅಷ್ಟು ಹಾರಲಿ, ಬಿಡಲಿ, ಆ ಹಣ ಬರುತ್ತದೆ. ಅದಕ್ಕಿಂತ ಜಾಸ್ತಿ ಹಾರಿದರೆ ಗಂಟೆಗೆ ಇಷ್ಟು ಎಂದು ಸೇರಿಸುತ್ತಾರೆ. ಮೇಲೆ ಒಂದಷ್ಟು ಭತ್ಯೆ. ಕೇಳಲು ಸರಿಯಾಗೇ ಇದೆ, ಅಲ್ವಾ? ಎರಡು ಬೇರೆ ಬೇರೆ ದಿನಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಾಣುತ್ತದೆ.

ಒಬ್ಬರು ದೊಡ್ಡ ಜೆಟ್‌ನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುತ್ತಾರೆ ಎಂದುಕೊಳ್ಳಿ. ಒಂದು ಬದಿಗೆ 2 ಗಂಟೆ 45 ನಿಮಿಷ, ಎರಡೂ ಸೇರಿ ಐದೂವರೆ ಗಂಟೆ. ಹೊರಡುವ ಒಂದು ಗಂಟೆ ಮೊದಲು ಹಾಜರಿ, ದೆಹಲಿಯಲ್ಲಿ 45 ನಿಮಿಷ, ಕೊನೆಗೆ ಕಾಗದಪತ್ರಕ್ಕೆ 15 ನಿಮಿಷ. ಡ್ಯೂಟಿ ಏಳೂವರೆ ಗಂಟೆ. ಇನ್ನೊಬ್ಬರು ಬೆಂಗಳೂರು, ಬೆಳಗಾವಿ, ಮತ್ತೆ ಬೆಂಗಳೂರು, ಅಲ್ಲಿಂದ ಇನ್ನೊಂದು ಸಣ್ಣ ಊರು, ವಾಪಸ್. ನಾಲ್ಕು ಸೆಕ್ಟರ್, ಅಂದರೆ ಒಂದು ಊರಿನಿಂದ ಏರಿ ಇನ್ನೊಂದರಲ್ಲಿ ಇಳಿಯುವ ನಾಲ್ಕು ಹಾರಾಟ, ತಲಾ ಒಂದು ಗಂಟೆ ಐದು ನಿಮಿಷ. ಬ್ಲಾಕ್ 4 ಗಂಟೆ 20 ನಿಮಿಷ. ಮೊದಲಿನ ಒಂದು ಗಂಟೆ, ನಡುವೆ ಮೂರು ಸಲ ಅರ್ಧರ್ಧ ಗಂಟೆ, ಕೊನೆಯ 15 ನಿಮಿಷ ಸೇರಿದರೆ ಡ್ಯೂಟಿ 7 ಗಂಟೆ 5 ನಿಮಿಷ.

ಇಬ್ಬರೂ ಮನೆ ಬಿಟ್ಟು ಮನೆ ಸೇರುವ ಹೊತ್ತು ಹತ್ತಿರ ಹತ್ತಿರ ಒಂದೇ. ಲೆಕ್ಕಕ್ಕೆ ಬರುವ ಹೊತ್ತಿನಲ್ಲಿ ಮಾತ್ರ ದಿನಕ್ಕೆ 1 ಗಂಟೆ 10 ನಿಮಿಷದ ಅಂತರ. ತಿಂಗಳಿಗೆ ಇಂಥ 16 ದಿನ ಹಾಕಿದರೆ ಒಬ್ಬರಿಗೆ 88 ಗಂಟೆ, ಇನ್ನೊಬ್ಬರಿಗೆ 69 ಗಂಟೆ ಚಿಲ್ಲರೆ. ಖಾತ್ರಿ ಗಂಟೆ 70 ಎಂದಿದ್ದರೆ ಎರಡನೆಯವರಿಗೆ ಹೆಚ್ಚುವರಿ ಹಣ ಒಂದು ರೂಪಾಯಿಯೂ ಇಲ್ಲ. ಸಾಲದ್ದಕ್ಕೆ, ಒಂದೇ ಕಂಪನಿಯೊಳಗೂ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ, ಹಾರಿಸುವವರ ಗಂಟೆ ದರ ಜೆಟ್‌ನವರಿಗಿಂತ ಕಡಿಮೆ ಇರುವುದುಂಟು.

ಕೆಲಸದ ಭಾರ ಎಲ್ಲಿದೆ ಎಂಬುದನ್ನೂ ನೋಡಬೇಕು. ವಿಮಾನ ಮೇಲೇರಿ ಸಮನಾಗಿ ಹಾರುವಾಗ ಕೆಲಸ ಹಗುರ. ಏರುವುದು, ಇಳಿಯುವುದು, ಇಳಿಯಲು ಸಿದ್ಧತೆ ಮಾಡುವುದು, ಇವೇ ತಲೆಗೆ ಕೆಲಸ ಕೊಡುವ ಹೊತ್ತು. ದೆಹಲಿಗೆ ಹೋಗಿ ಬಂದವರು ಆ ದಿನ ಎರಡು ಸಲ ಇಳಿಸಿದರು. ನಾವು ನಾಲ್ಕು ಸಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ, ಕೆಳಗಿಳಿದ ಮೋಡ ಇಲ್ಲಿನವರಿಗೆ ಗೊತ್ತೇ ಇದೆ. ಸಾಂಬ್ರಾದಲ್ಲಿ ರನ್‌ವೇ ಕಾಣದೆ ಮೇಲೆ ಸುತ್ತು ಹಾಕಿ, ಕೊನೆಗೆ ಹುಬ್ಬಳ್ಳಿಗೋ ಗೋವಾಕ್ಕೋ ತಿರುಗುವ ದಿನಗಳಿವೆ. ವಿಮಾನಯಾನದ ನಿಯಮ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಕೂಡ ಈ ಭಾರವನ್ನು ಒಪ್ಪುತ್ತದೆ. ಲ್ಯಾಂಡಿಂಗ್ ಜಾಸ್ತಿ ಆದಷ್ಟೂ ಆ ದಿನದ ಡ್ಯೂಟಿ ಅವಧಿ ಕಡಿಮೆ ಇರಬೇಕು ಎಂಬುದು ಅದರದೇ ನಿಯಮ. ಸುರಕ್ಷತೆಯ ಪುಸ್ತಕ ಲ್ಯಾಂಡಿಂಗ್ ಎಣಿಸುತ್ತದೆ, ಸಂಬಳದ ಪುಸ್ತಕ ಎಣಿಸುವುದಿಲ್ಲ.

ಇನ್ನು ಮಂಜು ಕವಿದ ಬೆಳಗು. ಬೆಳಗಾವಿಯ ಹವೆ ಸರಿಯಾಗಲಿ ಎಂದು ಬೆಂಗಳೂರಿನಲ್ಲಿ ಎರಡು ಗಂಟೆ ಕಾಯುತ್ತೇವೆ. ಗಾಲಿ ಉರುಳಿಲ್ಲ, ಆದ್ದರಿಂದ ಬ್ಲಾಕ್ ಶುರುವಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಂತ ಹೊತ್ತಿಗೆ ಸಂಬಳ ಇಲ್ಲ ಎಂದು ವಾಯವ್ಯ ಸಾರಿಗೆಯ ಡ್ರೈವರ್‌ಗೆ ಹೇಳಿದರೆ ಯಾರಾದರೂ ಒಪ್ಪುತ್ತಾರೆಯೇ? ನಾವು ಒಪ್ಪಿಕೊಂಡು ಬಂದಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ.

ಇದರ ಇನ್ನೊಂದು ಮುಖ ವಿಶ್ರಾಂತಿಯದು. ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿ, ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. 2025ರ ಜುಲೈನಿಂದ ಅದು ಜಾರಿಗೆ ಬಂತು. ಒಳ್ಳೆಯ ನಿಯಮ, ನಾವೇ ಕೇಳಿ ಪಡೆದದ್ದು. ಆದರೆ ಗಂಟೆ ಲೆಕ್ಕದ ಸಂಬಳದಲ್ಲಿ ವಿಶ್ರಾಂತಿ ಜಾಸ್ತಿ ಆದರೆ ಹಾರುವ ಗಂಟೆ ಕಡಿಮೆ, ಹಣವೂ ಕಡಿಮೆ. ನಿದ್ದೆಗೆಟ್ಟಿದೆ, ಇವತ್ತು ಹಾರಲಾರೆ ಎಂದು ಹೇಳುವ ಹಕ್ಕು ಪೈಲಟ್‌ಗೆ ಇದೆ. ಮನೆ ಸಾಲದ ಕಂತು ಕಣ್ಣ ಮುಂದೆ ಇದ್ದಾಗ ಆ ಮಾತು ಬಾಯಿಗೆ ಬರುವುದು ಕಷ್ಟ. ಹಾಗೆ ನಿದ್ದೆಗೆಟ್ಟೇ ಬಂದು ಡ್ಯೂಟಿಗೆ ಕೂತವರನ್ನು ನಾನು ಪಕ್ಕದ ಸೀಟಿನಲ್ಲಿ ನೋಡಿದ್ದೇನೆ.

ಅಮೆರಿಕದಲ್ಲಿ ಈ ಮಾತು ದೊಡ್ಡದಾಗಿ ಎದ್ದದ್ದು 2009ರಲ್ಲಿ. ಆ ವರ್ಷ ಫೆಬ್ರವರಿ 12ರ ರಾತ್ರಿ ಬಫಲೋ ನಗರದ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ಕ್ಯೂ400 ವಿಮಾನ ಬಿತ್ತು. ಒಳಗಿದ್ದ 49 ಜನ, ನೆಲದ ಮೇಲೆ ಒಬ್ಬರು, ಒಟ್ಟು 50 ಜನ ಹೋದರು. ಸ್ಟಾಲ್ ಎಚ್ಚರಿಕೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳಲಿದೆ ಎಂಬ ಸೂಚನೆ, ಬಂದಾಗ ಕ್ಯಾಪ್ಟನ್ ಮಾಡಿದ್ದು ತಪ್ಪು ಕ್ರಮ, ಅದೇ ಕಾರಣ ಎಂದು ತನಿಖೆ ಹೇಳಿತು. ಇಬ್ಬರ ಕೆಲಸವನ್ನೂ ಆಯಾಸ ಕುಂದಿಸಿರಬಹುದು ಎಂದೂ ಹೇಳಿತು. ವಿಚಾರಣೆ ವೇಳೆ ಫಸ್ಟ್ ಆಫೀಸರ್‌ಳ, ಅಂದರೆ ಸಹ ಪೈಲಟ್‌ಳ, ವರ್ಷದ ಸಂಬಳ ಸುಮಾರು 16,000 ಡಾಲರ್ ಎಂಬ ಮಾತು ಬಂದು ಜನ ಬೆಚ್ಚಿದರು. ಕೆಲಸದ ಊರಿನಲ್ಲಿ ಅವಳಿಗೆ ಮನೆ ಇರಲಿಲ್ಲ. ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ದಳು. ಕಡಿಮೆ ಸಂಬಳವೇ ವಿಮಾನ ಬೀಳಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ಡ್ಯೂಟಿಗೆ ಮೊದಲಿನ ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದನ್ನು ಸಂಬಳವೂ ತೀರ್ಮಾನಿಸುತ್ತದೆ.

ನಮ್ಮಲ್ಲಿ ಪೈಲಟ್‌ಗೆ ಲಕ್ಷಗಟ್ಟಲೆ ಸಂಬಳ, ಇವರದೇನು ಗೋಳು ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ವಿಮಾನಕ್ಕೆ ಸಾಮಾನು ಏರಿಸುವ ಹುಡುಗನ ಸಂಬಳದ ಮುಂದೆ ನಮ್ಮದು ದೊಡ್ಡದೇ. ಆದರೆ ಈ ಕೆಲಸಕ್ಕೆ ಬರಲು ಏನು ಖರ್ಚಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಆ ತರಬೇತಿ, ನಂತರ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್ ಎಂಬ ಅರ್ಹತೆ, ಸೇರಿ ಅರ್ಧ ಕೋಟಿ ದಾಟುತ್ತದೆ. ಬೈಲಹೊಂಗಲ ಕಡೆಯ ಒಬ್ಬ ತಂದೆ ನನ್ನನ್ನು ಕೇಳಿದ್ದು ಹೀಗೆ: “ಹೊಲಾ ಬ್ಯಾಂಕಿಗೆ ಇಟ್ಟೇವ್ರಿ ಸಾಹೇಬ್ರ. ಮಗಾ ನೌಕರಿಗೆ ಹತ್ತಿದ್ ಮ್ಯಾಲ ಎಷ್ಟ್ ವರ್ಷಕ್ಕ ಬಿಡಿಸ್ಕೋಬಹುದ್ರಿ?” ಲೈಸೆನ್ಸ್ ಕೈಗೆ ಬಂದ ದಿನವೇ ಕೆಲಸ ಸಿಗುವುದಿಲ್ಲ, ವರ್ಷಗಟ್ಟಲೆ ಕಾದವರಿದ್ದಾರೆ ಎಂಬುದನ್ನು ಅವರಿಗೆ ಮೊದಲು ಹೇಳಬೇಕಾಯಿತು. ಕಂಪನಿಯೇ ಮುಚ್ಚಿದರೆ ಬಾಕಿ ಸಂಬಳ ಕೈಸೇರುವ ಭರವಸೆಯೂ ಇಲ್ಲ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತಾಗ ಅದನ್ನು ಕಂಡಿದ್ದೇವೆ.

ಕಂಪನಿಗಳ ಕಷ್ಟವೂ ಸುಳ್ಳಲ್ಲ. 70 ಸೀಟಿನ ಎಟಿಆರ್‌ಗೂ ಇಬ್ಬರು ಪೈಲಟ್, 180 ಸೀಟಿನ ಏರ್‌ಬಸ್‌ಗೂ ಇಬ್ಬರೇ. ಹಂಚುವಾಗ ಸಣ್ಣ ವಿಮಾನದ ಪ್ರತಿ ಸೀಟಿನ ಮೇಲೆ ಪೈಲಟ್ ಖರ್ಚು ಜಾಸ್ತಿ ಬೀಳುತ್ತದೆ. ಮೇಲೆ ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಹಾರಿಸುವ ಕೇಂದ್ರದ ಉಡಾನ್ ಯೋಜನೆ. 2017ರಲ್ಲಿ ಮೊದಲ ವಿಮಾನ ಹಾರಿದಾಗ ಒಂದು ಗಂಟೆಯ ದಾರಿಗೆ 2,500 ರೂಪಾಯಿ ಮಿತಿ ಇತ್ತು, ಒಂದಷ್ಟು ಸೀಟುಗಳಿಗೆ. ನಷ್ಟ ತುಂಬಲು ಸರ್ಕಾರ ಮೊದಲ ಕೆಲವು ವರ್ಷ ಹಣ ಕೊಡುತ್ತದೆ, ಮತ್ತು ಕಡಿಮೆ ಹಣ ಕೇಳಿದ ಕಂಪನಿಗೇ ದಾರಿ ಸಿಗುತ್ತದೆ. ಇಂಧನದ ಬೆಲೆ, ವಿಮಾನದ ಬಾಡಿಗೆ ಕಂಪನಿಯ ಕೈಯಲ್ಲಿಲ್ಲ. ಕೈಯಲ್ಲಿರುವುದು ಸಿಬ್ಬಂದಿಯ ಸಂಬಳ. ಕಡಿಮೆ ಕೇಳಿ ಗೆದ್ದವರು ಎಲ್ಲಿ ಕಡಿತ ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿಯಿಂದ ಉಡಾನ್ ಅಡಿ ಶುರುವಾದ ಕೆಲವು ದಾರಿಗಳು ನಂತರ ನಿಂತೂ ಹೋದವು.

ಆದರೂ ಸರಿ ಸಂಬಳ ಕೊಟ್ಟರೆ ಟಿಕೆಟ್ ಎಷ್ಟು ಏರುತ್ತದೆ, ನೋಡಿ. ಕ್ಯಾಪ್ಟನ್‌ಗೆ ಗಂಟೆಗೆ 3,000, ಫಸ್ಟ್ ಆಫೀಸರ್‌ಗೆ 1,500 ರೂಪಾಯಿ ಜಾಸ್ತಿ ಕೊಟ್ಟರು ಎನ್ನಿ. ಒಟ್ಟು 4,500. ವಿಮಾನದಲ್ಲಿ 50 ಜನ ಕೂತಿದ್ದರೆ ತಲೆಗೆ 90 ರೂಪಾಯಿ. ಈ ಮೊತ್ತಕ್ಕೆ ಹೆದರಿ ಬೆಳಗಾವಿಯವರು ವಿಮಾನ ಬಿಟ್ಟು ರೈಲು ಹತ್ತುತ್ತಾರೆ ಎಂದು ನನಗೆ ಅನಿಸುವುದಿಲ್ಲ.

ಕೊಡದೆ ಹೋದರೆ ಆಗುವುದನ್ನು ಅಮೆರಿಕ 2022ರಲ್ಲಿ ಕಂಡಿತು. ಕೊಡಲು ಆಗದು ಎನ್ನುತ್ತಿದ್ದ ಕಾಲ ಹೋಗಿ, ಪೈಲಟ್‌ಗಳೇ ಸಿಗದಾದಾಗ ಅಮೆರಿಕನ್ ಏರ್‌ಲೈನ್ಸ್‌ನ ಪ್ರಾದೇಶಿಕ ಕಂಪನಿಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಡಲು ಮುಂದಾದವು. ಅದೇ ವರ್ಷ ಟೊಲೀಡೊ, ಡುಬುಕ್‌ನಂಥ ಊರುಗಳಿಗೆ ಆ ಕಂಪನಿಯ ವಿಮಾನ ನಿಂತಿತು, ಪ್ರಾದೇಶಿಕ ಪೈಲಟ್‌ಗಳ ಕೊರತೆಯ ಕಾರಣ ಕೊಟ್ಟು. ಪೈಲಟ್ ಕಡಿಮೆಯಾದಾಗ ಮೊದಲು ಹೋಗುವುದು ಸಣ್ಣ ಊರಿನ ವಿಮಾನ. ಬೆಳಗಾವಿಯವರು, ವಿಮಾನಕ್ಕೆ ಕಾಯುತ್ತಿರುವ ವಿಜಯಪುರದವರು ಇದನ್ನು ತಮ್ಮದೇ ವಿಷಯ ಎಂದು ತಿಳಿಯಬೇಕು.

ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. ಅಮೆರಿಕದ ಹಲವು ಒಪ್ಪಂದಗಳಲ್ಲಿ ಡ್ಯೂಟಿ ರಿಗ್ ಎಂಬ ಏರ್ಪಾಡಿದೆ. ಡ್ಯೂಟಿಯಲ್ಲಿದ್ದ ಪ್ರತಿ ಎರಡು ಗಂಟೆಗೆ ಕನಿಷ್ಠ ಒಂದು ಗಂಟೆಯ ಹಣ, ಹಾರಲಿ ಬಿಡಲಿ. ಮಂಜಿನಿಂದ ನಾಲ್ಕು ಸೆಕ್ಟರ್ ಎರಡಕ್ಕೆ ಇಳಿದು, ಏಳು ಗಂಟೆ ಡ್ಯೂಟಿಯಲ್ಲಿ 2 ಗಂಟೆ 10 ನಿಮಿಷ ಮಾತ್ರ ಹಾರಿದ ದಿನ, ಇದರಂತೆ ಮೂರೂವರೆ ಗಂಟೆಯ ಹಣ ಬರುತ್ತದೆ. ಮಾಮೂಲಿ ದಿನಗಳಿಗೆ ಇದರಿಂದ ಲಾಭವಿಲ್ಲ. ಅದಕ್ಕೆ ಲ್ಯಾಂಡಿಂಗ್‌ಗೆ ಇಷ್ಟು ಎಂಬ ಭತ್ಯೆ ಬೇಕು. ಇವೆರಡೂ ಬಂದರೆ ಸಣ್ಣ ದಾರಿಯ ಅನ್ಯಾಯ ಬಹುಪಾಲು ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಅಲ್ಲಿಯವರೆಗೆ, ಕೆಲಸಕ್ಕೆ ಸೇರುವವರು ಒಪ್ಪಂದವನ್ನು ಸಾಲು ಸಾಲಾಗಿ ಓದಬೇಕು. ಖಾತ್ರಿ ಗಂಟೆ ಎಷ್ಟು ಎಂಬುದಷ್ಟೇ ಅಲ್ಲ, ರಜೆ ಹಾಕಿದರೆ, ಜ್ವರ ಬಂದರೆ ಅದು ಇಳಿಯುತ್ತದೆಯೇ ನೋಡಿ. ಅದನ್ನು ಬದಲಿಸುವ ಹಕ್ಕು ಕಂಪನಿಯ ಕೈಯಲ್ಲಷ್ಟೇ ಇದೆಯೇ ಎಂಬುದು ಅದಕ್ಕಿಂತ ಮುಖ್ಯ. ನಾನು ಹಿಂದೆ ಇದ್ದ ಒಂದು ಕಂಪನಿ ಒಂದೇ ಇಮೇಲ್‌ನಲ್ಲಿ ಖಾತ್ರಿ ಗಂಟೆ ಇಳಿಸಿತು. ಒಪ್ಪಂದದಲ್ಲಿ ಆ ಅವಕಾಶ ಇದ್ದದ್ದರಿಂದ ನಮಗೆ ಹೇಳಲು ಏನೂ ಉಳಿದಿರಲಿಲ್ಲ. ಕರೆ ಬಂದರೆ ಹೊರಡಲು ಸಿದ್ಧವಾಗಿ ಸ್ಟ್ಯಾಂಡ್‌ಬೈ ಕೂತ ದಿನ, ವಿಮಾನದ ಅಣಕು ಯಂತ್ರದಲ್ಲಿ ಅಭ್ಯಾಸ ಮಾಡುವ ಸಿಮ್ಯುಲೇಟರ್ ದಿನ, ಇನ್ನೊಂದು ಊರಿನಿಂದ ಹಾರಿಸಲು ಪ್ರಯಾಣಿಕರಾಗಿ ಹೋಗುವ ಡೆಡ್‌ಹೆಡ್, ಇವುಗಳಿಗೆ ಏನು ಕೊಡುತ್ತಾರೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಬಾಂಡ್, ಅಂದರೆ ಮೊದಲೇ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಕರಾರು, ಇದ್ದರೆ, ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಮೊತ್ತ ಕರಗುತ್ತ ಹೋಗಬೇಕು. ಕೊನೆಯ ದಿನದವರೆಗೂ ಪೂರ್ತಿ ಮೊತ್ತ ಎಂದು ಬರೆದಿದ್ದರೆ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ.

ನೋಟಿಸ್ ವಿಷಯವೂ ಇದೆ. 2017ರ ಡಿಜಿಸಿಎ ನಿಯಮದಂತೆ ಕ್ಯಾಪ್ಟನ್ ಕೆಲಸ ಬಿಡಲು ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮೊದಲೇ ತಿಳಿಸಬೇಕು. ಬೇರೆ ಕಂಪನಿ ಜಾಸ್ತಿ ಕೊಡುತ್ತದೆ ಎಂದರೂ ನಾಳೆಯೇ ಹೋಗಲಾಗದು. ಹೀಗಾಗಿ ಸೇರುವ ದಿನ ಮಾಡಿಕೊಂಡ ಮಾತು ವರ್ಷಗಟ್ಟಲೆ ಕಟ್ಟಿಹಾಕುತ್ತದೆ. ಆದರೆ ಅದೇ ನಿಯಮದಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ: ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ ಇಳಿಸಿದರೆ ಅಥವಾ ಷರತ್ತುಗಳನ್ನು ಪೈಲಟ್‌ಗೆ ನಷ್ಟವಾಗುವಂತೆ ಬದಲಿಸಿದರೆ, ಅವಧಿ ಮುಗಿಯುವ ಮೊದಲೇ ಬಿಡುಗಡೆ ಕೇಳಬಹುದು. ನೋಟಿಸ್ ಕೊಟ್ಟ ಮೇಲೆ ಬರುವ ಪ್ರತಿ ಸಂಬಳದ ಚೀಟಿಯನ್ನೂ ಅದಕ್ಕೇ ಜೋಪಾನವಾಗಿ ಇಟ್ಟುಕೊಳ್ಳಿ.