ಸಿಂಕಿನ ನಾತಕ್ಕೆ ಅಗ್ನಿಮೂಲೆ ಕಾರಣ ಅಲ್ಲ

ಬದಿಯಡ್ಕದ ಹತ್ತಿರ ನನ್ನ ತಂಗಿಯ ಮನೆ. ಕಟ್ಟಿ ಎರಡು ವರ್ಷ ಆಗಿಲ್ಲ. ಅಡುಗೆಮನೆಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ನಾತ. ಫಿನಾಯಿಲ್ ಸುರಿದರು, ಆಸಿಡ್ ಸುರಿದರು, ಸಿಂಕಿನ ಜಾಲರಿ ಬದಲಿಸಿದರು. ಕೊನೆಗೆ ವಾಸ್ತು ನೋಡುವವರೊಬ್ಬರು ಬಂದು, ಅಗ್ನಿಮೂಲೆಯಲ್ಲಿ ನೀರು ಹರಿಯುವುದೇ ದೋಷ, ಸಿಂಕನ್ನು ಸರಿಸಿ ಅಂದರಂತೆ. ಗೋಡೆ ಒಡೆಯಲು ಮೇಸ್ತ್ರಿಗೆ ಹೇಳಿಯೂ ಆಗಿತ್ತು. ನನಗೆ ಸಂಕಟ ಆದದ್ದು ಅಲ್ಲೇ.

ಅಳಿಯನನ್ನು ಮೇಲಿನ ಬಾತ್‌ರೂಮಿಗೆ ಕಳಿಸಿದೆ. "ಒಂದು ಬಕೆಟ್ ನೀರು ಒಟ್ಟಿಗೇ ಸುರಿ ಮಾರಾಯ" ಅಂದೆ. ಸಿಂಕಿನ ತೂತಿನ ಮೇಲೆ ಒದ್ದೆ ಪೇಪರಿನ ಒಂದು ತುಂಡು ಹಾಸಿ ಕಾದೆ. ಮೇಲೆ ನೀರು ಬಿದ್ದ ಸದ್ದು ಕೇಳಿತು. ಕೂಡಲೇ ಪೇಪರ್ ನಡುವೆ ಗುಳಿ ಬಿದ್ದು ಒಳಕ್ಕೆ ಎಳೆದುಕೊಂಡಿತು, ಹರಿಯಿತು. ಸಿಂಕ್ ಗುಳುಕ್, ಗುಳುಕ್ ಅಂದಿತು.

ಸಿಂಕಿನ ಕೆಳಗಿನ ಬಾಗಿದ ಪೈಪನ್ನು ಎಲ್ಲರೂ ನೋಡಿದ್ದೀರಿ. ಟ್ರ್ಯಾಪ್. ಅದರ ಹೊಟ್ಟೆಯಲ್ಲಿ ನಿಂತ ನೀರೇ ಇಂಗುಗುಂಡಿಗೂ ನಿಮ್ಮ ಮೂಗಿಗೂ ನಡುವಿನ ಬಾಗಿಲು. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವ 1775ರಲ್ಲಿ ಲಂಡನ್ನಿನಲ್ಲಿ ಇಂಥ ಬಾಗಿದ ಪೈಪಿನ ಶೌಚಾಲಯಕ್ಕೆ ಪೇಟೆಂಟ್ ಪಡೆದ. ಆ ಕಾಲದವರು ನಾತವೇ ರೋಗ ತರುತ್ತದೆ ಅಂತ ನಂಬಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದಾಗ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿ ತೂಗುಹಾಕಿದ್ದರು. ನಂಬಿಕೆ ತಪ್ಪಾಗಿತ್ತು. ಆದರೆ ಆ ಭಯದಿಂದಲೇ ಲಂಡನ್ನಿಗೆ ಒಳ್ಳೆಯ ಒಳಚರಂಡಿ ಬಂತು.

ಟ್ರ್ಯಾಪಿನ ನೀರು ಎಷ್ಟು ಆಳ ಗೊತ್ತಾ? ಸಾಮಾನ್ಯವಾಗಿ 50 ಮಿಲಿಮೀಟರ್. ಮೂರು ಬೆರಳಿನ ಅಗಲ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ಅಂದರೆ ಪೈಪಿನ ಒಳಗಿನ ಒತ್ತಡ 200ರಲ್ಲಿ ಒಂದು ಪಾಲು ಇಳಿದರೂ ಸಾಕು, ಬಾಗಿಲು ಸೋಲುತ್ತದೆ. ನನಗೆ ಈ ಲೆಕ್ಕ ಈಗಲೂ ಬೆರಗು ಹುಟ್ಟಿಸುತ್ತದೆ.

ಒತ್ತಡ ಇಳಿಯುವುದು ಹೇಗೆ? ಮೇಲಿನಿಂದ ಬೀಳುವ ನೀರು ಪೈಪಿನ ಗಾಳಿಯನ್ನೂ ತನ್ನ ಜೊತೆ ಕೆಳಗೆ ತಳ್ಳಿಕೊಂಡು ಹೋಗುತ್ತದೆ. ಹಿಂದೆ ಖಾಲಿಯಾದ ಜಾಗಕ್ಕೆ ಎಲ್ಲಿಂದಾದರೂ ಗಾಳಿ ಬರಲೇಬೇಕು. ಬೇರೆ ದಾರಿ ಇಲ್ಲದಿದ್ದರೆ ನಿಮ್ಮ ಟ್ರ್ಯಾಪಿನ ನೀರನ್ನು ಎಳೆದುಕೊಂಡು ಸಿಂಕಿನಿಂದಲೇ ಬರುತ್ತದೆ. ಗುಳುಕ್ ಅನ್ನುವುದು ಅದೇ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಬಿಕ್ಕುತ್ತಾ ಬೀಳುತ್ತದೆ, ಎದುರಿಗೆ ಇನ್ನೊಂದು ತೂತು ಮಾಡಿದರೆ ಸರಾಗ ಇಳಿಯುತ್ತದೆ ಅಲ್ವಾ? ಹಾಗೇ.

ತೋಟದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಗುಡ್ಡದ ಕೆರೆಯಿಂದ ಅಡಿಕೆ ತೋಟಕ್ಕೆ ಕಟ್ಟೆ ಹತ್ತಿಸಿ ಓಸ್ ಹಾಕಿ, ಬಾಯಲ್ಲಿ ಎಳೆದು ನೀರು ಇಳಿಸುತ್ತೇವೆ. ಒಮ್ಮೆ ಹಿಡಿದರೆ ಕೆರೆ ತಳ ಕಾಣುವವರೆಗೆ ಅದು ಬಿಡುವುದಿಲ್ಲ. ಕಟ್ಟೆಯ ಮೇಲೆ, ಓಸಿನ ನೆತ್ತಿಯಲ್ಲಿ ಸಣ್ಣ ಬಿರುಕು ಬಿಟ್ಟರೆ? ಪುಸ್ ಅಂತ ಗಾಳಿ ಹೊಕ್ಕು ನೀರು ಕಡಿಯುತ್ತದೆ. ತುಂಬಿದ ಸಿಂಕನ್ನು ಒಮ್ಮೆಲೇ ಬಿಟ್ಟಾಗ ವೇಸ್ಟ್ ಪೈಪ್ ಭರ್ತಿಯಾಗಿ ಇಂಥದೇ ಓಸ್ ಆಗಿಬಿಡುತ್ತದೆ, ತನ್ನ ಟ್ರ್ಯಾಪನ್ನು ತಾನೇ ಹೀರುತ್ತದೆ. ತೋಟದಲ್ಲಿ ನಮಗೆ ಬೇಡವಾದ ಆ ಬಿರುಕು ಅಡುಗೆಮನೆಯಲ್ಲಿ ಬೇಕೇ ಬೇಕು. ಟ್ರ್ಯಾಪ್ ದಾಟಿದ ಕೂಡಲೇ, ಅದರ ಹತ್ತಿರವೇ, ಮೇಲಕ್ಕೆ ಹೋಗುವ ಗಾಳಿ ಪೈಪ್ ಅಂದರೆ ಬೇಕೆಂದೇ ಮಾಡಿದ ಬಿರುಕು.

ಈ ಪೈಪ್ ಇರುವುದು ನಾತ ಹೊರಗೆ ಬಿಡಲು ಮಾತ್ರ ಅಂತ ಪ್ಲಂಬರುಗಳೂ ಹೇಳುತ್ತಾರೆ. ಅದು ಅರ್ಧ ಮಾತು. ಅದರ ದೊಡ್ಡ ಕೆಲಸ ಗಾಳಿಯನ್ನು ಒಳಗೆ ಬಿಡುವುದು.

ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡಿದ ನಮ್ಮ ಹಿರಿಯರಿಗೆ ಗಾಳಿಯ ಬೆಲೆ ಗೊತ್ತಿತ್ತು. ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆಯುತ್ತಾ ಹೋಗುವಾಗ ದೀಪ ಮಂಕಾದರೆ ಹೊರಗೆ ಬರುತ್ತಿದ್ದರು. ತುಂಬಾ ಉದ್ದದ ಸುರಂಗವಾದರೆ ಗುಡ್ಡದ ಮೇಲಿನಿಂದ ನೇರ ಗಾಳಿಬಾವಿ ತೋಡುತ್ತಿದ್ದರು. ಅಲ್ಲಿ ಗಾಳಿ ಬೇಕಾದದ್ದು ಮನುಷ್ಯನಿಗೆ, ಇಲ್ಲಿ ನೀರಿಗೆ.

ಪೈಪ್ ಸರಿ ಇದ್ದೂ ನಾತ ಬರುವುದುಂಟು. ಮನೆಯವರೆಲ್ಲ ಗಲ್ಫಿನಲ್ಲಿದ್ದು ಬೀಗ ಹಾಕಿದ ಮನೆಗಳಲ್ಲಿ ಟ್ರ್ಯಾಪಿನ ನೀರು ಸುಮ್ನೆ ಆವಿಯಾಗಿ ಹೋಗಿರುತ್ತದೆ. ಹೊರಡುವ ದಿನ ಪ್ರತಿ ತೂತಿಗೂ ಒಂದು ತಂಬಿಗೆ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿ ನೀರನ್ನು ಕಾಯುತ್ತದೆ. ಇದು ಸಣ್ಣ ವಿಷಯ ಅಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಕಟ್ಟಡಗಳಲ್ಲಿ 300ಕ್ಕೂ ಜಾಸ್ತಿ ಜನರಿಗೆ ಸಾರ್ಸ್ ಎಂಬ ಶ್ವಾಸಕೋಶದ ಅಂಟುರೋಗ ಹಬ್ಬಿದಾಗ, ಬಾತ್‌ರೂಮ್ ನೆಲದ ಒಣಗಿದ ಟ್ರ್ಯಾಪುಗಳೂ ಒಂದು ದಾರಿ ಅಂತ ತನಿಖೆ ಮಾಡಿದವರು ಗುರುತಿಸಿದರು.

ತಂಗಿಯ ಮನೆಯ ಟೆರೇಸ್ ಹತ್ತಿದೆ. ಗಾಳಿ ಪೈಪ್ ಇತ್ತು. ಅದರ ಬಾಯಿಗೆ ಪಿವಿಸಿ ಮುಚ್ಚಳ ಹಾಕಿ ಗಮ್ಮು ಹಚ್ಚಿದ್ದರು. ಕಾಗೆ ಕಡ್ಡಿ ಹಾಕುತ್ತದೆ, ಮಳೆನೀರು ಬೀಳುತ್ತದೆ ಅಂತ ಭಾವ ಅಂದರು. ಮಳೆನೀರು ಬಿದ್ದರೆ ಬೀಳಲಿ, ಅದು ಹೋಗುವುದು ಚರಂಡಿಗೇ ತಾನೇ. ಗರಗಸದಿಂದ ಮುಚ್ಚಳ ಕತ್ತರಿಸಿ ತೆಗೆದು, ಸೊಳ್ಳೆ ಬಲೆ ಸುತ್ತಿ ತಂತಿಯಲ್ಲಿ ಕಟ್ಟಿದೆವು. ಕೆಳಗೆ ಬಂದು ಸಿಂಕಿಗೆ ಒಂದು ತಂಬಿಗೆ ನೀರು ಬಿಟ್ಟು, ತೂತಿನ ಮೇಲೆ ಹೊಸ ಪೇಪರ್ ಹಾಸಿದೆ. ಅಳಿಯ ಮತ್ತೆ ಬಕೆಟ್ ಸುರಿದ. ಪೇಪರ್ ಅಲುಗಲಿಲ್ಲ.